ಪ್ರಯೋಗಕ್ಕೆ ಬೇಕಾದ ಆ ಒಂದು ಗಂಟೆಯನ್ನು ನೀವು ಎಲ್ಲಿಂದ ತರುತ್ತೀರಿ?

ಪ್ರಶ್ನೆ: ಮೈಸೂರಿನಿಂದ ಮಂಡ್ಯಕ್ಕೆ ಓಡಾಡುವ ವಿಜ್ಞಾನ ಶಿಕ್ಷಕಿ

ಶಿಕ್ಷಕ ಮಿತ್ರರೆಲ್ಲರಿಗೂ ನಮಸ್ಕಾರ. ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಎರಡು ವರ್ಷಗಳಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಮದುವೆಯಾಗಿ ಹದಿನಾಲ್ಕು ತಿಂಗಳಾಯಿತು. ಪತಿಯ ಕೆಲಸ ಮೈಸೂರಿನಲ್ಲಿ. ಅತ್ತೆ, ಮಾವ ನಮ್ಮ ಜೊತೆಯಲ್ಲಿಯೇ ಇದ್ದಾರೆ. ಬೆಳಿಗ್ಗೆ ಐದಕ್ಕೆ ಎದ್ದು ತಿಂಡಿ ಮಾಡಿ, ಎರಡು ಡಬ್ಬಿಗಳಿಗೆ ಊಟ ತುಂಬಿ, ಏಳರ ಹೊತ್ತಿಗೆ ಮನೆ ಬಿಟ್ಟು, ರೈಲಿನಲ್ಲಿ ಮಂಡ್ಯ ತಲುಪಿ ಅಲ್ಲಿಂದ ಹಳ್ಳಿಯ ಬಸ್ ಹಿಡಿದು ಶಾಲೆ ಸೇರುವಷ್ಟರಲ್ಲಿ ಪ್ರಾರ್ಥನೆಗೆ ಹತ್ತು ನಿಮಿಷ ಉಳಿದಿರುತ್ತದೆ. ಸಂಜೆ ಹತ್ತನೆಯವರಿಗೆ ವಿಶೇಷ ತರಗತಿ ಮುಗಿಸಿ ಮನೆಗೆ ಬರುವಾಗ ಏಳೂವರೆ. ಅತ್ತೆಯವರಿಗೆ ಮಂಡಿನೋವು ಇರುವುದರಿಂದ ರಾತ್ರಿಯ ಅಡುಗೆಯೂ ನನ್ನದೇ. ಇದನ್ನು ದೂರಾಗಿ ಹೇಳುತ್ತಿಲ್ಲ. ಮನೆಯವರೆಲ್ಲರೂ ನನ್ನನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಾರೆ.

ನಾನು ಓದಿದ್ದು ಸಿಬಿಝಡ್, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಶಾಲೆಯಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರ ಹುದ್ದೆ ಖಾಲಿ ಇರುವುದರಿಂದ ಗಣಿತವನ್ನು ಅತಿಥಿ ಶಿಕ್ಷಕರು ನೋಡಿಕೊಳ್ಳುತ್ತಾರೆ, ಭೌತಶಾಸ್ತ್ರ ನನ್ನ ಪಾಲಿಗೆ ಬಂದಿದೆ. ಹೂವಿನ ಭಾಗಗಳನ್ನು ಬಿಡಿಸಿ ತೋರಿಸುವಾಗ ನನಗೆ ಯಾವ ತಯಾರಿಯೂ ಬೇಕಾಗುವುದಿಲ್ಲ. ಆದರೆ ವಿದ್ಯುತ್ತಿನ ಪಾಠಗಳನ್ನು ಹಿಂದಿನ ದಿನವೇ ಕೈಯಾರೆ ಮಾಡಿ ನೋಡದೆ ತರಗತಿಗೆ ಹೋಗಬಾರದು ಎಂಬುದು ಕಳೆದ ವಾರ ಚೆನ್ನಾಗಿ ಅರ್ಥವಾಯಿತು. ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ತೋರಿಸೋಣವೆಂದು ಮೋಟಾರ್ ವೈಂಡಿಂಗ್ ಅಂಗಡಿಯಿಂದ ಒಂದು ಮಾರು ತಾಮ್ರದ ತಂತಿ ತಂದಿದ್ದೆ. ಮೂವತ್ತನಾಲ್ಕು ಮಕ್ಕಳು ಮೇಜಿನ ಸುತ್ತ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಮುಳ್ಳು ಅಲ್ಲಾಡಲಿಲ್ಲ. ಸೆಲ್ ಬದಲಾಯಿಸಿದೆ, ಆಗಲೂ ಇಲ್ಲ. ಅಷ್ಟರಲ್ಲಿ ಗಂಟೆ ಬಾರಿಸಿತು. ‘ಪುಸ್ತಕದಲ್ಲಿ ಇರುವಂತೆ ಬರೆದುಕೊಳ್ಳಿ’ ಎಂದುಬಿಟ್ಟೆ. ಆ ಮಾತು ಇಂದಿಗೂ ನನ್ನನ್ನು ಬಾಧಿಸುತ್ತಿದೆ.

ಹಿಂದಿನ ರಾತ್ರಿ ಒಂದು ಗಂಟೆ ಸಿಕ್ಕಿದ್ದರೆ ಹೀಗಾಗುತ್ತಿರಲಿಲ್ಲ. ರಜೆಯಲ್ಲಿ ತಯಾರಿ ಮಾಡಿಕೊಳ್ಳೋಣವೆಂದರೆ, ದಸರಾ ರಜೆಯಲ್ಲಿ ಮೈಸೂರಿನ ಮನೆಗಳು ಹೇಗಿರುತ್ತವೆಂದು ನಿಮಗೆ ಗೊತ್ತು. ಜಂಬೂಸವಾರಿ ಮುಗಿಯುವವರೆಗೆ ನೆಂಟರಿಗೆ ಹಾಸಿಗೆ ಹಾಸುವುದೇ ಆಗುತ್ತದೆ. ಪ್ರಯೋಗ ಬಿಟ್ಟು ವಿಡಿಯೊ ತೋರಿಸಿದರೆ ಸಾಕೇ? ಸಂಸಾರ ಮತ್ತು ಶಾಲೆ ಎರಡನ್ನೂ ನಡೆಸುತ್ತಿರುವವರು ಆ ಒಂದು ಗಂಟೆಯನ್ನು ಎಲ್ಲಿಂದ ಹೊಂದಿಸುತ್ತೀರಿ?

ಉತ್ತರ 1: ನಿವೃತ್ತ ಭೌತಶಾಸ್ತ್ರ ಶಿಕ್ಷಕ, ಮಂಡ್ಯ

ತಂಗಿ, ಮೊದಲು ತಂತಿಯ ವಿಷಯ ಹೇಳುತ್ತೇನೆ. ಮೋಟಾರ್ ಸುತ್ತುವ ತಂತಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ, ವಿದ್ಯುತ್ತನ್ನು ತಡೆಯುವ ಎನಾಮೆಲ್ ಲೇಪನ ಇರುತ್ತದೆ. ಸುರುಳಿಯಲ್ಲಿ ಒಂದು ಸುತ್ತು ಇನ್ನೊಂದಕ್ಕೆ ತಾಗಿದರೂ ವಿದ್ಯುತ್ ಅಡ್ಡದಾರಿ ಹಿಡಿಯಬಾರದೆಂದು ಅದನ್ನು ಬಳಿದಿರುತ್ತಾರೆ. ಅದು ತಾಮ್ರದ ಬಣ್ಣವನ್ನೇ ಹೋಲುವುದರಿಂದ ಹೊಸಬರು ಬರಿಯ ತಂತಿ ಎಂದೇ ತಿಳಿಯುತ್ತಾರೆ. ಎರಡೂ ತುದಿಗಳನ್ನು ಎರಡು ಸೆಂಟಿಮೀಟರಿನಷ್ಟು ಉಪ್ಪುಕಾಗದದಿಂದ ತಿಕ್ಕಿ, ತಾಮ್ರ ಫಳಫಳನೆ ಹೊಳೆಯುವವರೆಗೆ ಬಿಡಬೇಡಿ. ಎರಡನೆಯದಾಗಿ, ತಂತಿಯನ್ನು ಮುಳ್ಳಿನ ಮೇಲೆ ಅದಕ್ಕೆ ಸಮಾನಾಂತರವಾಗಿ, ಅಂದರೆ ಉತ್ತರ-ದಕ್ಷಿಣವಾಗಿ ಹಿಡಿಯಬೇಕು. ಪೂರ್ವ-ಪಶ್ಚಿಮವಾಗಿ ಹಿಡಿದರೆ ತಂತಿಯ ಕಾಂತಕ್ಷೇತ್ರವೂ ಉತ್ತರ-ದಕ್ಷಿಣ ದಿಕ್ಕಿನಲ್ಲಿಯೇ ಇರುವುದರಿಂದ ಮುಳ್ಳು ನಿಂತಲ್ಲಿಯೇ ನಿಲ್ಲಬಹುದು. 1.5 ವೋಲ್ಟಿನ ಒಂದು ಸೆಲ್ ಸಾಕು. ಆದರೆ ಎರಡು ಸೆಕೆಂಡಿಗಿಂತ ಹೆಚ್ಚು ಜೋಡಿಸಬೇಡಿ, ತಂತಿ ಬಿಸಿಯಾಗುತ್ತದೆ, ಸೆಲ್ ಬೇಗ ಬರಿದಾಗುತ್ತದೆ.

ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್ 1820ರಲ್ಲಿ ಮುಳ್ಳು ಹೀಗೆ ತಿರುಗುವುದನ್ನು ಕಂಡದ್ದು ಉಪನ್ಯಾಸದ ನಡುವೆ, ಕೇಳುಗರ ಎದುರಿನಲ್ಲಿಯೇ. ಆದ್ದರಿಂದ ಮಕ್ಕಳ ಮುಂದೆ ಪ್ರಯೋಗ ಕೈಕೊಟ್ಟಿತೆಂದು ಕುಗ್ಗಬೇಡಿ. ನಾಳೆಯೇ ಅದೇ ತಂತಿಯನ್ನು ತೆಗೆದುಕೊಂಡು ಹೋಗಿ, ಅಂದು ಏಕೆ ಆಗಲಿಲ್ಲ ಎಂದು ಮಕ್ಕಳನ್ನೇ ಕೇಳಿ. ಪಂಪ್‌ಸೆಟ್ ಸುಟ್ಟು ವೈಂಡಿಂಗ್‌ಗೆ ಕೊಟ್ಟು ಬಂದ ಮನೆಯ ಮಕ್ಕಳು ನಿಮ್ಮ ತರಗತಿಯಲ್ಲಿ ಖಂಡಿತ ಇರುತ್ತಾರೆ, ಅವರಲ್ಲಿ ಒಬ್ಬರಾದರೂ ಉತ್ತರ ಹೇಳುತ್ತಾರೆ.

ಆ ಒಂದು ಗಂಟೆಯ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಅದನ್ನು ಮನೆಯಲ್ಲಿ ಹುಡುಕಬೇಡಿ. ವಿಶೇಷ ತರಗತಿಯ ಕೊನೆಯ ಇಪ್ಪತ್ತು ನಿಮಿಷಗಳನ್ನು ಮರುದಿನದ ಪ್ರಯೋಗಕ್ಕೆ ಇಟ್ಟು, ನಾಲ್ಕು ಮಕ್ಕಳ ಕೈಯಲ್ಲಿ ಮಾಡಿಸಿ. ಕೈಕೊಟ್ಟರೆ ಅಲ್ಲಿಯೇ ಕೊಡುತ್ತದೆ, ಮರುದಿನ ಆ ನಾಲ್ವರೇ ಉಳಿದವರಿಗೆ ತೋರಿಸುತ್ತಾರೆ. ವಾರಕ್ಕೆ ನಾಲ್ವರು ಬದಲಾಗಲಿ.

ಉತ್ತರ 2: ಶಿಕ್ಷಕಿಯೊಬ್ಬರ ಪತಿ, ಮೈಸೂರು

ನಾನು ಶಿಕ್ಷಕನಲ್ಲ, ನನ್ನ ಪತ್ನಿ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ವಿಜ್ಞಾನ ಶಿಕ್ಷಕಿ. ಮೇಲಿನ ಹಿರಿಯರ ಮಾತು ಸರಿಯಾದರೂ, ಆ ಗಂಟೆಯನ್ನು ಮನೆಯಲ್ಲಿ ಹುಡುಕಬೇಡಿ ಎಂಬುದನ್ನು ನಾನು ಒಪ್ಪುವುದಿಲ್ಲ. ಮದುವೆಯಾದ ಮೊದಲ ವರ್ಷ ಅವಳು ರಾತ್ರಿ ಹತ್ತೂವರೆಗೆ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆಯೇ ಪಾಠ ಯೋಜನೆ ಬರೆಯುತ್ತಿದ್ದಳು. ನಾನು ಹಾಲ್‌ನಲ್ಲಿ ಕುಳಿತು ಸುದ್ದಿ ನೋಡುತ್ತಿದ್ದೆ, ಅದು ನನಗೆ ತಪ್ಪೆಂದು ತೋರಿರಲಿಲ್ಲ. ಒಂದು ದಿನ ನೀರು ಕುಡಿಯಲು ಹೋದಾಗ ಅವಳ ಪುಸ್ತಕದ ಹಾಳೆಯ ಮೇಲೆ ಹುಳಿಯ ಕಲೆ ಇತ್ತು, ಅದರ ಸುತ್ತಲೂ ಬಿಟ್ಟು ಬಿಟ್ಟು ಬರೆದಿದ್ದಳು. ಅಂದಿನಿಂದ ಸಂಜೆಯ ತರಕಾರಿ ಹೆಚ್ಚುವುದು, ಅನ್ನ ಸಾರು ಮಾಡುವುದು ನನ್ನ ಕೆಲಸವಾಯಿತು. ಮುದ್ದೆ ತಿರುವುವುದು ಮಾತ್ರ ಗಂಟು ಕಟ್ಟದಂತೆ ಬರಲು ಮೂರು ತಿಂಗಳು ಹಿಡಿಯಿತು.

ಅಮ್ಮನಿಗೆ ಆರಂಭದಲ್ಲಿ ಕಸಿವಿಸಿಯಾಯಿತು, ನಿಜ. ಆದರೆ ಸೊಸೆಗೆ ನಾಳೆ ಏನು ಕೆಲಸ ಇದೆ ಎಂಬುದು ತಿಳಿದರೆ ಹಿರಿಯರೂ ಜೊತೆಗೆ ನಿಲ್ಲುತ್ತಾರೆ. ಮಂಡಿನೋವು ಇರುವವರು ಕುಳಿತಲ್ಲಿಯೇ ಸೊಪ್ಪು ಬಿಡಿಸಬಹುದು, ಅವರೆಕಾಳು ಸುಲಿಯಬಹುದು. ನಿಮ್ಮ ಪತಿಗೆ ಈ ಮುಳ್ಳು ತಿರುಗದ ಕಥೆಯನ್ನು ಹೇಳಿದ್ದೀರಾ? ಇಲ್ಲಿ ಬರೆದಷ್ಟೇ ವಿವರವಾಗಿ ಹೇಳಿ ನೋಡಿ.

ಉತ್ತರ 3: ಶಿಕ್ಷಕಿ, ಪಾಂಡವಪುರ ತಾಲ್ಲೂಕು

ನಾನೂ ಸಿಬಿಝಡ್‌ನವಳೇ, ಎರಡು ವರ್ಷದ ಮಗುವಿನ ತಾಯಿ. ವಿಡಿಯೊ ತೋರಿಸುವುದು ತಪ್ಪಲ್ಲ, ಆದರೆ ಅದು ಪ್ರಯೋಗದ ಜಾಗಕ್ಕೆ ಬರಬಾರದು. ನಾನು ಮಾಡುವುದೇನೆಂದರೆ, ಊರಿನಲ್ಲಿ ಈಗಾಗಲೇ ನಡೆಯುತ್ತಿರುವುದನ್ನೇ ಪ್ರಯೋಗವಾಗಿ ಬಳಸಿಕೊಳ್ಳುವುದು. ಆಮ್ಲ, ಪ್ರತ್ಯಾಮ್ಲ ಪಾಠವನ್ನು ನಾನು ಆರಂಭಿಸುವುದು ಆಲೆಮನೆಯಿಂದ. ಕಬ್ಬಿನ ಹಾಲು ಸ್ವಲ್ಪ ಆಮ್ಲೀಯ. ಕೊಪ್ಪರಿಗೆಯಲ್ಲಿ ಕಾಯಿಸುವಾಗ ಸುಣ್ಣದ ನೀರು ಹಾಕಿದರೆ ಆಮ್ಲ ತಗ್ಗಿ, ಕಲ್ಮಷ ನೊರೆಯಾಗಿ ಮೇಲೆ ಬರುತ್ತದೆ. ಒಂದು ಲೋಟ ಕಬ್ಬಿನ ಹಾಲನ್ನು ತರಗತಿಗೆ ತಂದು ನೀಲಿ ಲಿಟ್ಮಸ್ ಕಾಗದ ಅದ್ದಿದರೆ ಕೆಂಪಾಗುತ್ತದೆ. ಆಮೇಲೆ ತಿಳಿ ಸುಣ್ಣದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ, ಅರಿಶಿನ ಬಳಿದು ಒಣಗಿಸಿದ ಕಾಗದವನ್ನು ಅದ್ದುತ್ತಾ ಹೋದರೆ ಒಂದು ಹಂತದಲ್ಲಿ ಹಳದಿ ಕೆಂಪಿಗೆ ತಿರುಗುತ್ತದೆ. ಆಲೆಮನೆಯವರು ಇಷ್ಟು ಸುಣ್ಣ ಹಾಕುವುದಿಲ್ಲ, ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ ಎಂದು ಮಕ್ಕಳೇ ನನಗೆ ತಿಳಿಸಿದರು. ಇದಕ್ಕೆ ಹಿಂದಿನ ರಾತ್ರಿ ನಾನು ಮಾಡಿದ್ದು ಅರಿಶಿನದ ಕಾಗದ ಒಣಹಾಕಿದ್ದು ಮಾತ್ರ.

ವಿದ್ಯುತ್ತಿನ ಪಾಠಕ್ಕೂ ನಮ್ಮ ಜಿಲ್ಲೆ ಬಡವಲ್ಲ. 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಗಿತ್ತು. ಅಷ್ಟು ದೂರ ಕಳುಹಿಸಲು ವೋಲ್ಟೇಜನ್ನು ಏಕೆ ಏರಿಸಬೇಕು ಎಂದು ಕೇಳಿದರೆ ಒಂದು ಪಿರಿಯಡ್ ಪೂರ್ತಿ ಚರ್ಚೆ ನಡೆಯುತ್ತದೆ.

ಪ್ರಶ್ನೆ ಕೇಳಿದವರು, ಒಂಬತ್ತು ದಿನಗಳ ನಂತರ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಅತ್ತೆಯವರಿಗೂ ಪತಿಗೂ ಒಟ್ಟಿಗೇ ವಿಷಯ ಹೇಳಿದೆ. ಈಗ ಮಂಗಳವಾರ ಮತ್ತು ಗುರುವಾರದ ರಾತ್ರಿಯ ಅಡುಗೆ ಪತಿಯದು. ಉಳಿದ ದಿನಗಳ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ. ತಂತಿಯ ತುದಿಗಳನ್ನು ಊಟದ ಮೇಜಿನ ಮೇಲೆ ಉಪ್ಪುಕಾಗದದಿಂದ ತಿಕ್ಕಿದವರು ಮಾವನವರು.

ತರಗತಿಯಲ್ಲಿ ಹಿರಿಯರು ಹೇಳಿದಂತೆಯೇ ಕೇಳಿದೆ. ಮೂರನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಮಿಸ್, ಅದಕ್ಕೆ ವಾರ್ನಿಷ್ ಇರುತ್ತದೆ, ನಮ್ಮಪ್ಪ ಬ್ಲೇಡಿನಲ್ಲಿ ಕೆರೆಯುತ್ತಾರೆ’ ಎಂದ. ಅವನ ಕೈಗೇ ತಂತಿ ಕೊಟ್ಟೆ. ಮುಳ್ಳು ತಿರುಗಿದಾಗ ಯಾರೂ ಮಾತನಾಡಲಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೇ ಮಾತನಾಡಿದರು. ಒಬ್ಬ ಹುಡುಗಿ ತಂತಿಯನ್ನು ದಿಕ್ಸೂಚಿಯ ಕೆಳಗೆ ಇಟ್ಟರೆ ಏನಾಗುತ್ತದೆ ಎಂದು ಕೇಳಿದಳು. ನನಗೆ ಆ ಕ್ಷಣದಲ್ಲಿ ಹೊಳೆಯಲಿಲ್ಲ, ಇಟ್ಟು ನೋಡು ಎಂದೆ. ಮುಳ್ಳು ಈ ಬಾರಿ ಎದುರು ದಿಕ್ಕಿಗೆ ತಿರುಗಿತು. ಅದು ಏಕೆ ಎಂಬುದನ್ನು ಸೋಮವಾರ ಅವಳೇ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಬೇಕೆಂದು ತೀರ್ಮಾನವಾಗಿದೆ.