ಸಹಾಯ ಬೇಕು: ಈಜಲು ಬಿಟ್ಟಿದ್ದಾರೆ, ಚಿಪ್ಪು ಹೆಕ್ಕಲು ಯಾಕೆ ಬಿಟ್ಟಿಲ್ಲ?

ಎಲ್ಲರಿಗೂ ನಮಸ್ಕಾರ. ಬಿರುಗಾಳಿ ನಿಂತು 12 ದಿನ ಆಯಿತು. ಮೊನ್ನೆ ಈಜುವ ನಿಷೇಧ ತೆಗೆದರು. ಆದರೆ ಕಪ್ಪೆಚಿಪ್ಪು, ಸಿಂಪಿ ಹೆಕ್ಕುವ ಜಾಗಕ್ಕೆ ಕಟ್ಟಿದ ಕೆಂಪು ಪಟ್ಟಿ ಹಾಗೇ ಇದೆ. ನೀರೇನೋ ತಿಳಿಯಾಗಿದೆ, ಮೊಣಕಾಲುದ್ದ ಇಳಿದರೂ ಕಾಲ್ಬೆರಳು ಕಾಣುತ್ತದೆ.

ಚಿಪ್ಪುಮೀನು ನೀರು ಸೋಸಿಯೇ ಬದುಕುವ ಜೀವಿ, ದೊಡ್ಡ ಸಿಂಪಿಯೊಂದು ದಿನಕ್ಕೆ 100 ಲೀಟರಿಗೂ ಜಾಸ್ತಿ ಸೋಸಬಲ್ಲದು. ಮಳೆಗೆ ಉಕ್ಕಿದ ಚರಂಡಿಯ ರೋಗಾಣು ಅದರೊಳಗೆ ಸೇರಿಕೊಳ್ಳುತ್ತದೆ ಅಂತ ಗೊತ್ತು. ಚೆನ್ನಾಗಿ ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು. ಆದರೆ ಅರೆಬರೆ ಬೆಂದರೆ ವಾಂತಿ-ಭೇದಿ ತರುವ ನೊರೊವೈರಸ್ ಉಳಿದುಬಿಡುತ್ತದೆ, ನೀರಿನ ಕೆಲವು ಪಾಚಿಗಳಿಂದ ಚಿಪ್ಪಿನೊಳಗೆ ಸೇರುವ ವಿಷವಂತೂ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಸುಮ್ನೆ ತಂದು ತಿನ್ನಿಸುವ ಧೈರ್ಯ ನನಗಿಲ್ಲ.

ಸಂಬಂಧಪಟ್ಟ ಕಚೇರಿಗೆ 3 ಸಲ ಫೋನ್ ಮಾಡಿದೆ. "ಪರೀಕ್ಷೆಯ ವರದಿ ಬರಬೇಕು" ಅಂದರು, ಅಷ್ಟೇ. ಯಾವ ಪರೀಕ್ಷೆ ಅಂತ ಹೇಳಲಿಲ್ಲ. ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಈಜಲು ಸರಿ ಅಂದ ಮೇಲೆ ನೀರು ಶುದ್ಧವಾಗಿದೆ ಅಂತಲೇ ಅಲ್ವಾ?

ಈ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ: ಮತ್ತೆ ತೆರೆಯಲು ನೀರಿನ ಪರೀಕ್ಷೆ ಮಾತ್ರ ಸಾಕಾ, ಚಿಪ್ಪಿನ ಮಾಂಸವನ್ನೂ ಪರೀಕ್ಷಿಸಬೇಕಾ? ನೀರು ಶುದ್ಧವಾದ ಮೇಲೆ ಮಾಂಸ ಶುದ್ಧವಾಗಲು ಇನ್ನೆಷ್ಟು ದಿನ ಬೇಕು?