ಸಹಾಯ ಬೇಕು: ಮಲಗಿಸಿದ ಕಂಪ್ಯೂಟರ್ ತಾನೇ ಎದ್ದು ಕೂರ್ತಿದೆ

ಎಲ್ಲರಿಗೂ ನಮಸ್ಕಾರ. ಮನೆಯ ಹಳೇ ಡೆಸ್ಕ್‌ಟಾಪಲ್ಲಿ ಲಿನಕ್ಸ್ ಇದೆ. ರಾತ್ರಿ 11ಕ್ಕೆ ಸಸ್ಪೆಂಡ್ ಆಗಿ, ಬೆಳಿಗ್ಗೆ 5:30ಕ್ಕೆ ಎದ್ದು ಬ್ಯಾಕಪ್ ತಗೊಳ್ಳಲಿ ಅಂತ ಆರ್‌ಟಿಸಿವೇಕ್ (ಹೇಳಿದ ಹೊತ್ತಿಗೆ ಕಂಪ್ಯೂಟರನ್ನ ಎಬ್ಬಿಸೋ ಕಮಾಂಡ್) ಹಾಕಿದ್ದೀನಿ. 120 ಸೆಕೆಂಡ್ ಕೊಟ್ಟು ನೋಡಿದಾಗ ಸರಿಯಾಗೇ ಎದ್ದಿತು. ರಾತ್ರಿ ಮಾತ್ರ ಐದು ನಿಮಿಷವೂ ಮಲಗಲ್ಲ. ಫ್ಯಾನ್ ಗುಂಯ್ ಅಂದಾಗಲೆಲ್ಲ ಅಮ್ಮ "ಯಾರೋ ಅದು?" ಅಂತ ಎದ್ದು ಬರ್ತಾರೆ!

ಯಾವ ಯಾವ ಸಾಧನ ಕಂಪ್ಯೂಟರನ್ನ ಎಬ್ಬಿಸಬಹುದು ಅಂತ ತೋರಿಸೋ ಪ್ರಾಕ್/ಎಸಿಪಿಐ/ವೇಕಪ್ ಫೈಲ್ ತೆಗೆದು ನೋಡಿದೆ. ಯುಎಸ್‌ಬಿ ಕಂಟ್ರೋಲರಿನ ಎಕ್ಸ್‌ಎಚ್‌ಸಿ ಸಾಲು ಎನೇಬಲ್ಡ್ (ಎಬ್ಬಿಸೋಕೆ ಅನುಮತಿ) ಇತ್ತು. ಆ ಹೆಸರನ್ನೇ ಎಕೋ ಕಮಾಂಡಿಂದ ಫೈಲಿಗೆ ಬರೆದು ಡಿಸೇಬಲ್ ಮಾಡಿದೆ, ಆ ರಾತ್ರಿ ಸುಖನಿದ್ದೆ. ರೀಬೂಟ್ ಆದ್ಮೇಲೆ ಮತ್ತೆ ಅದೇ ಕಥೆ.

ಇದನ್ನ ಕಾಯಂ ಮಾಡೋಕೆ ಸಿಸ್ಟಮ್‌ಡಿ ಸರ್ವಿಸ್ (ಬೂಟ್ ಆದಾಗ ತಾನೇ ಓಡೋ ಕೆಲಸ) ಬರೀಬೇಕಾ, ಯುಡೆವ್ ರೂಲ್ (ಸಾಧನ ಕಂಡಾಗ ಅದರ ಸೆಟ್ಟಿಂಗ್ ಹಾಕೋ ನಿಯಮ) ಸಾಕಾ? ಮೌಸ್ ಅಲ್ಲಾಡಿದರೆ ಏಳಬಾರದು, ಕೀಬೋರ್ಡ್ ಒತ್ತಿದರೆ ಏಳಬೇಕು. ಹಾಗೆ ಬೇರೆ ಮಾಡೋಕಾಗುತ್ತಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.