ಹಾಲಿನಲ್ಲಿ ಸ್ಟ್ರೆಪ್ ಬಂದಿದೆ: ಹಸು ಇಟ್ಟುಕೊಂಡವರು, ಮಾರಿದವರು ಅನುಭವ ಹೇಳಿ

ಕೇಳಿದವರು: ಏಳು ಹಸುಗಳಿವೆ. ಕಲ್ಚರ್ (ಲ್ಯಾಬಿನಲ್ಲಿ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದಾಗ ಮೂರರ ಹಾಲಿನಲ್ಲಿ ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆ ಅನ್ನೋ ಕೆಚ್ಚಲು ಬಾವಿನ ಕ್ರಿಮಿ ಬಂದಿದೆ. ಒಂದಕ್ಕೆ ಮಾತ್ರ ಕೆಚ್ಚಲು ಬಾವು, ಹಾಲಿನಲ್ಲಿ ಗರಣೆ. ಇನ್ನೆರಡು ನೋಡಲು ಚೆನ್ನಾಗಿಯೇ ಇವೆ. ಮೂರಕ್ಕೂ ಔಷಧ ಕೊಡಿಸಲಾ, ಮಾರಿಬಿಡಲಾ?

ಹನ್ನೊಂದು ಹಸುಗಳವರು: ನಾನು ಬಾವು ಕಂಡ ಹಸುವಿಗೆ ಮಾತ್ರ ಮೊಲೆಯೊಳಗೆ ಬಿಡುವ ಔಷಧದ ಟ್ಯೂಬ್ ಹಾಕಿಸಿದ್ದೆ. ಐದನೇ ದಿನಕ್ಕೆ ಹಾಲು ತಿಳಿಯಾಯಿತು, ಗೆದ್ದೆ ಅಂದುಕೊಂಡೆ. ಒಂದೂವರೆ ತಿಂಗಳಿಗೆ ಪಕ್ಕದ ಹಸುವಿನ ಹಿಂದಿನ ಎಡ ಮೊಲೆ ಕಲ್ಲಾಯಿತು. ಅದು ಇಳಿಯುವಷ್ಟರಲ್ಲಿ ಮೊದಲನೆಯವಳಿಗೇ ಮತ್ತೆ ಬಂತು. ಲೆಕ್ಕ ಬರೆದಿಟ್ಟಿದ್ದೇನೆ. ನಾಲ್ಕು ತಿಂಗಳಲ್ಲಿ 412 ಲೀಟರ್ ಹಾಲು ಚೆಲ್ಲಿದೆ. 14 ಲೀಟರ್ ಕೊಡುತ್ತಿದ್ದವಳು 9ಕ್ಕೆ ನಿಂತಳು. ಒಂದು ಮೊಲೆ ಪೂರ್ತಿ ಬತ್ತಿತು.

ಈ ಕ್ರಿಮಿ ಕೆಚ್ಚಲೊಳಗೇ ಮನೆ ಮಾಡುತ್ತದೆ, ಕರೆಯುವ ಕೈಯಿಂದ ಹರಡುತ್ತದೆ. ನಾನು ಎಲ್ಲ ಹಸುಗಳ ಕೆಚ್ಚಲನ್ನೂ ಒಂದೇ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಒಂದು ಮೂಲೆಗೆ ಸಿಕ್ಕಿಸಿದ ನೀಲಿ ಬಟ್ಟೆ, ಯಾವಾಗಲೂ ಒದ್ದೆ. ಕೊನೆಗೆ ಎಲ್ಲವನ್ನೂ ಪರೀಕ್ಷೆ ಮಾಡಿಸಿ, ಬಂದವಕ್ಕೆಲ್ಲ ಒಟ್ಟಿಗೇ ಪೆನ್ಸಿಲಿನ್ ಟ್ಯೂಬ್ ಹಾಕಿಸಿದೆ. ಅವನ್ನು ಕೊನೆಯಲ್ಲಿ ಕರೆದೆ. ಕರೆದಾದ ಮೇಲೆ ಪ್ರತಿ ಮೊಲೆಯನ್ನೂ ಅಯೋಡಿನ್ ದ್ರಾವಣದಲ್ಲಿ ಅದ್ದಿದೆ. ಆಮೇಲೆ ನಿಂತಿತು.

ಮಾರಿದವರು: ನಾನೂ ಮೂರು ಸಲ ಟ್ಯೂಬ್ ಹಾಕಿಸಿದೆ, ಮೂರು ಸಲವೂ ತಿರುಗಿ ಬಂತು. ಎರಡನೇ ಕರುವಿನ ಹಸು, ಹೆಸರು ಕರೆದರೆ ತಲೆ ಎತ್ತುತ್ತಿದ್ದಳು. ಮಾರಿದೆ. ಔಷಧ ಎಲ್ಲ ಸುಮ್ನೆ ಅಂತ ನನ್ನ ಅನುಭವ.

ಹನ್ನೊಂದು ಹಸುಗಳವರು: ನಿಮ್ಮ ಕಲ್ಚರ್‌ನಲ್ಲಿ ಏನು ಬಂದಿತ್ತು?

ಮಾರಿದವರು: ಸ್ಟ್ಯಾಫ್ ಆರಿಯಸ್.

ಹನ್ನೊಂದು ಹಸುಗಳವರು: ಅದು ಬೇರೆಯೇ ಕ್ರಿಮಿ ಅಲ್ವಾ! ಅದು ಔಷಧಕ್ಕೆ ಸುಲಭವಾಗಿ ಬಗ್ಗೋದಿಲ್ಲ. ಅಗಲಾಕ್ಟಿಯೆ ಪೆನ್ಸಿಲಿನ್‌ಗೆ ಚೆನ್ನಾಗಿ ಬಗ್ಗುತ್ತದೆ. ಕೇಳಿದವರನ್ನು ದಾರಿ ತಪ್ಪಿಸಬೇಡಿ. ಕೊಂಡವರಿಗಾದರೂ ಹೇಳಿ ಕೊಟ್ಟಿರಾ?

ಮಾರಿದವರು: ಹೇಳಿಯೇ ಕೊಟ್ಟೆ. ಎರಡು ದಿನ ಊಟ ಸೇರಲಿಲ್ಲ ನನಗೆ. ನೀವು ನನ್ನ ನಿಯತ್ತು ಅಳೆಯಬೇಡಿ.

ಒಬ್ಬ ಅಮ್ಮ: ಸ್ಟ್ರೆಪ್ ಅಂತ ಕಂಡು ಬರೆಯುತ್ತಿದ್ದೇನೆ. ಮಗನಿಗೆ ಒಂಬತ್ತು ವರ್ಷ ಇದ್ದಾಗ ಗಂಟಲಿಗೆ ಬಂದಿತ್ತು. ಹತ್ತು ದಿನದ ಮಾತ್ರೆ ಕೊಟ್ಟಿದ್ದರು. ನಾಲ್ಕನೇ ದಿನ ಜ್ವರ ಬಿಟ್ಟಿತು, ನಿಲ್ಲಿಸಿದೆ. ಮೂರನೇ ವಾರಕ್ಕೆ ಬಲ ಮಂಡಿ ಊದಿತು. ಅದು ಇಳಿದು ಎಡ ಮೊಣಕೈ. ಹೊದಿಕೆ ತಾಗಿದರೂ ಚೀರುತ್ತಿದ್ದ. ರುಮಾಟಿಕ್ ಜ್ವರ, ಹೃದಯದ ಮೈಟ್ರಲ್ ಕವಾಟಕ್ಕೆ ಪೆಟ್ಟು. ಈಗ 21 ದಿನಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್, ಆರನೇ ವರ್ಷ. ಉಳಿದ ಆರು ಮಾತ್ರೆ ದಿನಗಳನ್ನು ನಾನು ಇನ್ನೂ ಎಣಿಸುತ್ತೇನೆ.

ಮಾರಿದವರು: ಮೇಡಂ, ಇಲ್ಲಿ ಹಸುಗಳ ಮಾತು ನಡೆಯುತ್ತಿದೆ.

ಒಬ್ಬ ಅಮ್ಮ: ಗೊತ್ತು. ಅರ್ಧಕ್ಕೆ ಔಷಧ ನಿಲ್ಲಿಸಬೇಡಿ ಅನ್ನೋದು ಇಬ್ಬರಿಗೂ ಒಂದೇ. ನಿಮಗೆ ಬೇಡವಾದರೆ ಓದಬೇಡಿ.

ಇನ್ನೊಬ್ಬರು: ಹಾಗಾದರೆ ಆ ಹಸುಗಳಿಂದ ಮಕ್ಕಳಿಗೆ ಗಂಟಲು ನೋವು ಬರುತ್ತಾ?

ನಿವೃತ್ತ ನರ್ಸ್: ಬೆರೆಸಬೇಡಿ. ಗಂಟಲಿನದು ಎ ಗುಂಪು, ಸ್ಟ್ರೆಪ್ಟೊಕಾಕಸ್ ಪಯೋಜೀನ್ಸ್. ಮನುಷ್ಯರಿಂದ ಮನುಷ್ಯರಿಗೆ ಬರುತ್ತದೆ. ಅಗಲಾಕ್ಟಿಯೆ ಬಿ ಗುಂಪು. ಮನುಷ್ಯರಲ್ಲಿ ಅದು ಹೆರಿಗೆಯ ಹೊತ್ತಿಗೆ ತಾಯಿಯಿಂದ ಕೂಸಿಗೆ ದಾಟಬಹುದು. ಅಂಥ ಕೂಸು ಹಾಲು ಬಿಟ್ಟು, ಏದುಸಿರು ಬಿಡುತ್ತಾ ನೀಲಿಯಾಗಿದ್ದನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ. ಅದಕ್ಕೇ ಬಸುರಿನ ಕೊನೆಯ ವಾರಗಳಲ್ಲಿ ಪರೀಕ್ಷೆ ಮಾಡಿ, ಇದ್ದರೆ ಹೆರಿಗೆ ನೋವು ಶುರುವಾದಾಗ ಪೆನ್ಸಿಲಿನ್ ಡ್ರಿಪ್ ಹಾಕುವುದು. ಹಸಿ ಹಾಲು ಮಾತ್ರ ಯಾರೂ ಕುಡಿಯಬೇಡಿ, ಕಾಯಿಸಿ.

ಮಾರಿದವರು: ನಾವು ಹಸಿ ಹಾಲು ಕುಡಿದೇ ಬೆಳೆದವರು.

ನಿವೃತ್ತ ನರ್ಸ್: ನೀವು ಬೆಳೆದಿರಿ. ಬಾವು ಬಂದ ಹಸುವಿನ ಹಾಲನ್ನು ಮಗುವಿಗೆ ಹಸಿಯಾಗಿ ಕೊಡುತ್ತೀರಾ? ನೇರವಾಗಿ ಹೇಳಿ.

ಹನ್ನೊಂದು ಹಸುಗಳವರು: ಕೇಳಿದವರೇ, ಒಂದು ಮರೆತಿದ್ದೆ. ಕರೆದ ಕೂಡಲೇ ಹಸುವನ್ನು ಮಲಗಲು ಬಿಡಬೇಡಿ. ಮುಂದೆ ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸಿ. ಮೊಲೆಯ ಬಾಯಿ ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು. ಆ ನೀಲಿ ಬಟ್ಟೆಯಂಥದ್ದು ನಿಮ್ಮ ಕೊಟ್ಟಿಗೆಯಲ್ಲಿದ್ದರೆ ಇವತ್ತೇ ಸುಡಿ.